ಬೈತಖೋಲದ ಬೋಟಿನಿಂದ 36,000 ಕಿಲೋಮೀಟರ್ ಮೇಲೆ

ಜುಲೈ 31ರ ಸಂಜೆ ಕಾರವಾರದ ಬೈತಖೋಲ ಬಂದರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಅಂದಿಗೆ ಮುಗಿಯುತ್ತದೆ. ಒಂದು ಕಡೆ ಬಲೆ ಪೇರಿಸುವವರು, ಇನ್ನೊಂದು ಕಡೆ ಐಸ್ ತುಂಬುವವರು, ನಡುವೆ ಡೀಸೆಲ್ ವಾಸನೆ. ಅಂಥ ಗದ್ದಲದಲ್ಲೇ ಪರಿಚಯದ ಬೋಟ್ ಮಾಲೀಕರೊಬ್ಬರು ಕ್ಯಾಬಿನ್ ಮೇಲಿನ ಪುಟ್ಟ ಡಬ್ಬಿಯೊಂದನ್ನು ತೋರಿಸಿದರು. "ಇದು ಇಸ್ರೋದ್ದು. ಮೊಬೈಲ್ ಸಿಗದ ಕಡೆಯೂ ಇದು ಮಾತಾಡ್ತದೆ" ಅಂದರು.

ಡಬ್ಬಿಯ ಹೆಸರು ಟ್ರಾನ್ಸ್‌ಪಾಂಡರ್. ಬೋಟ್ ಎಲ್ಲಿದೆ ಎಂದು ಅದು ಆಗಾಗ ಉಪಗ್ರಹಕ್ಕೆ ಹೇಳುತ್ತಿರುತ್ತದೆ. ಅಪಾಯ ಬಂತೋ, ಒಂದು ಗುಂಡಿ ಒತ್ತಿದರೆ ದಡಕ್ಕೆ ಸುದ್ದಿ. ದಡದಿಂದ ಗಾಳಿ-ಮಳೆಯ ಎಚ್ಚರಿಕೆಯೂ ಇದಕ್ಕೇ ಬರುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ದೇಶದ ಒಂದು ಲಕ್ಷ ಬೋಟುಗಳಿಗೆ ಇದನ್ನು ಹಾಕಿಸುವ 364 ಕೋಟಿ ರೂಪಾಯಿಯ ಯೋಜನೆ ಶುರು ಮಾಡಿತು.

ಇದರ ಬೆಲೆ ಏನು ಎಂದು ನಮ್ಮ ಕರಾವಳಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಮುದ್ರದಡಿ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಮನೆಗಳಲ್ಲಿ ಅಳುವುದಕ್ಕೂ ಆಗದೆ, ಕಾಯುವುದಕ್ಕೂ ಆಗದೆ ಕೂತಿದ್ದರು.

ಈಗ ಆ ಡಬ್ಬಿ ಯಾರ ಜೊತೆ ಮಾತಾಡುತ್ತದೆ ನೋಡೋಣ. ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಜಿಸ್ಯಾಟ್-6 ಎಂಬ ಉಪಗ್ರಹ ಇದೆ. ಅಷ್ಟು ಎತ್ತರದಲ್ಲಿ ಸುತ್ತುವ ವಸ್ತುವಿಗೆ ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ಅಷ್ಟೇ ಹೊತ್ತಿಗೆ ತಿರುಗುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಉಪಗ್ರಹ ಒಂದೇ ಕಡೆ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ. ಭಾರತದ ಬಾಹ್ಯಾಕಾಶ ರಾಜಕೀಯ ಅರ್ಥ ಆಗಬೇಕಾದರೆ ಚಂದ್ರಯಾನಕ್ಕಿಂತ ಈ ಜಿಸ್ಯಾಟ್-6ರ ಜಾತಕ ಓದುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಅದರಲ್ಲಿ ಜಗಳ, ಕೋರ್ಟು, ಹಠ ಎಲ್ಲ ಇದೆ.

ಮೊದಲು, ಅದು ಮೇಲೆ ಹೋದದ್ದು ಹೇಗೆ?

ಇದಕ್ಕೆ ಇನ್ನೊಂದು ಮೀನುಗಾರರ ಊರಿನಿಂದ ಶುರು ಮಾಡಬೇಕು. ತಿರುವನಂತಪುರದ ಹತ್ತಿರದ ತುಂಬಾ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವ ಜಾಗ ಎಂದು ನಮ್ಮ ಬಾಹ್ಯಾಕಾಶ ಕೆಲಸಕ್ಕೆ ಅಡಿಪಾಯ ಹಾಕಿದ ವಿಕ್ರಂ ಸಾರಾಭಾಯ್ ರಾಕೆಟ್ ಹಾರಿಸಲು ಅದನ್ನು ಆರಿಸಿದರು. ಅಲ್ಲಿನ ಮೀನುಗಾರ ಕುಟುಂಬಗಳು ಜಾಗ ಬಿಟ್ಟುಕೊಟ್ಟವು, ಚರ್ಚೇ ಕೆಲಸದ ಕೋಣೆಯಾಯಿತು. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಜನ ಇರುವ ನಮ್ಮ ಜಿಲ್ಲೆಯಲ್ಲಿ ಈ ಸಾಲನ್ನು ಓದುವ ರೀತಿಯೇ ಬೇರೆ. ಇರಲಿ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ನಮ್ಮದಲ್ಲ, ಅಮೆರಿಕದ್ದು. ಫ್ರಾನ್ಸ್, ಸೋವಿಯತ್ ಒಕ್ಕೂಟ ಎರಡೂ ಆ ನೆಲೆಗೆ ಕೈಲಾದದ್ದು ಕೊಟ್ಟಿದ್ದವು. ಜಗತ್ತು ಎರಡು ಬಣವಾಗಿ ಹಲ್ಲು ಕಡಿಯುತ್ತಿದ್ದ ಕಾಲದಲ್ಲಿ ನಾವು ಇಬ್ಬರ ಮನೆಯಿಂದಲೂ ಪಾತ್ರೆ ಎರವಲು ತಂದು ಅಡುಗೆ ಮಾಡಿದೆವು. 1975ರ ಏಪ್ರಿಲ್ 19ರಂದು ಹೋದ ಆರ್ಯಭಟ ಉಪಗ್ರಹವೂ ಹಾಗೆಯೇ. ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಕಟ್ಟಿಸಿದವರು ಉಡುಪಿ ಕಡೆಯ ಯು.ಆರ್. ರಾವ್. ಹಾರಿಸಿದ್ದು ಮಾತ್ರ ರಷ್ಯಾದ ರಾಕೆಟ್.

ಉಪಗ್ರಹಕ್ಕೆ ಸಹಾಯ ಮಾಡಲು ಯಾರೂ ತಕರಾರು ಮಾಡಲಿಲ್ಲ. ತಕರಾರು ಶುರುವಾದದ್ದು ರಾಕೆಟ್ಟಿನ ವಿಷಯಕ್ಕೆ. ಕಾರಣ ಸರಳ. ಉಪಗ್ರಹವನ್ನು ಕಕ್ಷೆಗೆ ಒಯ್ಯುವ ರಾಕೆಟ್ಟೂ ಬಾಂಬನ್ನು ಇನ್ನೊಂದು ಖಂಡಕ್ಕೆ ಒಯ್ಯುವ ಕ್ಷಿಪಣಿಯೂ ಅಣ್ಣ-ತಮ್ಮ. ನಮ್ಮಲ್ಲೂ ಅದೇ ಆಯಿತು. 1980ರಲ್ಲಿ ಯಶಸ್ವಿಯಾದ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಂತವೇ 1989ರಲ್ಲಿ ಪರೀಕ್ಷೆಯಾದ ಅಗ್ನಿ ಕ್ಷಿಪಣಿಗೂ ಬಂತು. ಎರಡರ ಹಿಂದೆಯೂ ಅಬ್ದುಲ್ ಕಲಾಂ ಇದ್ದರು. ಹಾಗಾಗಿ ಅಮೆರಿಕಕ್ಕೆ ಅನುಮಾನ ಬಂದದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. 1987ರಲ್ಲಿ ಶ್ರೀಮಂತ ದೇಶಗಳು ಸೇರಿ ಕ್ಷಿಪಣಿ ತಂತ್ರಜ್ಞಾನ ಹೊರಗೆ ಹೋಗದಂತೆ ಎಂಟಿಸಿಆರ್ ಎಂಬ ಕೂಟ ಮಾಡಿಕೊಂಡಿದ್ದವು.

ಆದರೆ ಕ್ರಯೋಜೆನಿಕ್ ಎಂಜಿನ್ನಿನ ಕಥೆ ಬೇರೆ. ಎರಡು ಟನ್ನಿನ ಉಪಗ್ರಹವನ್ನು ಆ 36,000 ಕಿಲೋಮೀಟರ್ ದಾರಿಗೆ ಹತ್ತಿಸಬೇಕಾದರೆ ಕಡಿಮೆ ತೂಕದಲ್ಲಿ ಜಾಸ್ತಿ ನೂಕುವ ಇಂಧನ ಬೇಕು. ಅದಕ್ಕೆ ಹೈಡ್ರೋಜನ್ನನ್ನು ಮೈನಸ್ 253 ಡಿಗ್ರಿಗೆ ತಣಿಸಿ ದ್ರವ ಮಾಡುತ್ತಾರೆ. ಜೊತೆಗೆ ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ. ಒಂದೇ ಎಂಜಿನ್ನಿನಲ್ಲಿ ಒಂದು ಮೂಲೆ ಹಿಮಕ್ಕಿಂತ ತಣ್ಣಗೆ, ಇನ್ನೊಂದು ಮೂಲೆ ಕುಲುಮೆಗಿಂತ ಬಿಸಿ. ಲೋಹ ಸೀಳದಂತೆ, ಪಂಪ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ವಿದ್ಯೆ. ಇಂಥ ಇಂಧನವನ್ನು ತುಂಬಿ ಇಡಲು ಆಗುವುದಿಲ್ಲ, ಹಾರಿಸುವ ಮೊದಲಷ್ಟೇ ತುಂಬಬೇಕು. ಯುದ್ಧದ ಹೊತ್ತಿನಲ್ಲಿ ಗಂಟೆಗಟ್ಟಲೆ ಇಂಧನ ತುಂಬುತ್ತಾ ಕೂರುವ ಕ್ಷಿಪಣಿ ಯಾರಿಗೆ ಬೇಕು?

1991ರಲ್ಲಿ ಭಾರತ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಂಜಿನ್ನೂ ಕೊಡಿ, ಮಾಡುವ ವಿದ್ಯೆಯನ್ನೂ ಕೊಡಿ ಎಂದು. ಇದೇ ಎಂಜಿನ್ ಮಾರಲು ಅಮೆರಿಕದ ಕಂಪನಿಯೊಂದೂ ಮುಂದೆ ಬಂದಿತ್ತು, ಬೆಲೆ ಜಾಸ್ತಿಯಾಯಿತು ಎಂದು ಬಿಟ್ಟಿದ್ದೆವು. ಈ ವಿವರ ನನಗೆ ಯಾವಾಗಲೂ ನಗು ತರಿಸುತ್ತದೆ. 1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೋ ಮೇಲೂ ಗ್ಲಾವ್‌ಕಾಸ್ಮಾಸ್ ಮೇಲೂ ಎರಡು ವರ್ಷದ ನಿರ್ಬಂಧ ಹಾಕಿತು. ಸೋವಿಯತ್ ಒಕ್ಕೂಟ ಆಗ ತಾನೇ ಒಡೆದಿತ್ತು, ರಷ್ಯಾದ ಕಿಸೆ ಖಾಲಿ. 1993ರಲ್ಲಿ ಅದು ಮಣಿಯಿತು. ಏಳು ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಎಂದಿತು. ಸಾರು ಬಡಿಸುತ್ತೇವೆ, ಮಾಡುವ ಬಗೆ ಹೇಳುವುದಿಲ್ಲ ಅಂದ ಹಾಗೆ. ಮರುವರ್ಷ ಇಸ್ರೋದಲ್ಲಿ ಈ ಕ್ರಯೋಜೆನಿಕ್ ಕೆಲಸ ನೋಡಿಕೊಳ್ಳುತ್ತಿದ್ದ ವಿಜ್ಞಾನಿ ನಂಬಿ ನಾರಾಯಣನ್ ಗೂಢಚಾರಿಕೆಯ ಸುಳ್ಳು ಕೇಸಿನಲ್ಲಿ ಜೈಲು ಸೇರಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಸ್ವಂತ ಎಂಜಿನ್ ಹಾಕಿ ಹಾರಿಸಿದ ಮೊದಲ ಪ್ರಯತ್ನ 2010ರ ಏಪ್ರಿಲ್‌ನಲ್ಲಿ ಸೋತಿತು. ಗೆದ್ದದ್ದು 2014ರ ಜನವರಿ 5ರಂದು. ರಷ್ಯಾದ ಒಪ್ಪಂದದಿಂದ ಲೆಕ್ಕ ಹಾಕಿದರೆ 23 ವರ್ಷ. ಮರುವರ್ಷ, 2015ರ ಆಗಸ್ಟ್ 27ರಂದು, ಅದೇ ಸ್ವದೇಶಿ ಎಂಜಿನ್ನಿನ ರಾಕೆಟ್ ಹೊತ್ತೊಯ್ದದ್ದು ನಮ್ಮ ಜಿಸ್ಯಾಟ್-6 ಅನ್ನೇ. ಬೈತಖೋಲದ ಬೋಟಿನ ಮೇಲಿನ ಡಬ್ಬಿಗೆ ಮಾತು ಬಂದದ್ದು ಹೀಗೆ.

ಇಷ್ಟಕ್ಕೇ ಮುಗಿಯಲಿಲ್ಲ. ಜಿಸ್ಯಾಟ್-6ಕ್ಕೆ ಇನ್ನೊಂದು ಗ್ರಹಚಾರವೂ ಇದೆ. ಅದು ಮಾತಾಡುವುದು ಎಸ್-ಬ್ಯಾಂಡ್ ಎಂಬ ತರಂಗದಲ್ಲಿ. ಮಳೆಗೆ ಅದು ಅಷ್ಟಾಗಿ ಅಂಜುವುದಿಲ್ಲ. ಉಪಗ್ರಹದಲ್ಲೇ ಆರು ಮೀಟರ್ ಅಗಲದ, ಕೊಡೆ ಬಿಚ್ಚಿದಂತೆ ಬಿಚ್ಚಿಕೊಳ್ಳುವ ಆಂಟೆನಾ ಇರುವುದರಿಂದ ಕೆಳಗೆ ದೊಡ್ಡ ಡಿಶ್ ಬೇಡ. ತೂಗಾಡುವ ಬೋಟಿನ ಮೇಲೆ ಡಬ್ಬಿ ಇದ್ದರೆ ಸಾಕು. ಇಂಥ ತರಂಗ ಎಂದರೆ ಹೆದ್ದಾರಿ ಪಕ್ಕದ ಸೈಟ್ ಇದ್ದ ಹಾಗೆ. 2005ರಲ್ಲಿ ಇಸ್ರೋದ ವ್ಯಾಪಾರಿ ಅಂಗ ಆಂಟ್ರಿಕ್ಸ್, ದೇವಾಸ್ ಎಂಬ ಬೆಂಗಳೂರಿನ ಕಂಪನಿಗೆ ಜಿಸ್ಯಾಟ್-6 ಮತ್ತು 6ಎ ಉಪಗ್ರಹಗಳ ಬಹುಪಾಲನ್ನು ಬಾಡಿಗೆಗೆ ಕೊಡಲು ಒಪ್ಪಿತ್ತು. 2ಜಿ ಹಗರಣದ ಬಿಸಿಯಲ್ಲಿ ಇದೂ ಗದ್ದಲವಾಯಿತು. 2011ರಲ್ಲಿ ಸರ್ಕಾರ, ಈ ತರಂಗ ದೇಶದ ರಕ್ಷಣೆಗೆ ಬೇಕು ಎಂದು ಒಪ್ಪಂದ ರದ್ದು ಮಾಡಿತು. ದೇವಾಸ್ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿ 56 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಗೆದ್ದಿತು. ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಆ ಕಂಪನಿಯೇ ವಂಚನೆಯದು, ಮುಚ್ಚುವುದೇ ಸರಿ ಎಂದಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೇವಾಸ್ ಕಡೆಯವರಿಗೆ ಮತ್ತೆ ಬಾಗಿಲು ತೆರೆಯಿತು. ಜೋಡಿ ಉಪಗ್ರಹ ಜಿಸ್ಯಾಟ್-6ಎ 2018ರಲ್ಲಿ ಮೇಲೆ ಹೋದ ಮೂರೇ ದಿನಕ್ಕೆ ಸಂಪರ್ಕ ಕಳೆದುಕೊಂಡಿತು. ಅಂದರೆ ಮೀನುಗಾರರಿಗೆ ಉಳಿದದ್ದು ಈ ಒಂದೇ. ಮುಂದಿನ ಸಲ ಯಾರಾದರೂ ಇಸ್ರೋದಲ್ಲಿ ರಾಜಕೀಯವೇ ಇಲ್ಲ ಎಂದರೆ ಈ ಡಬ್ಬಿ ತೋರಿಸಿ.

ಬೋಟಿನಲ್ಲಿ ಇನ್ನೊಂದು ಯಂತ್ರ ಇದೆ, ಜಿಪಿಎಸ್. ನಮ್ಮ ಕಡೆ ಬೋಟಿನವರು ಅದರಲ್ಲಿ 'ಪಾಯಿಂಟ್' ಹಾಕಿಕೊಳ್ಳುತ್ತಾರೆ. ಎಲ್ಲಿ ಬಂಗಡೆ ಸಿಕ್ಕಿತು, ಎಲ್ಲಿ ಬಂಡೆಗೆ ಬಲೆ ಹರಿಯಿತು ಎಲ್ಲ ಅದರೊಳಗೆ. ಜಿಪಿಎಸ್ ಅಮೆರಿಕದ ಸೈನ್ಯದ ಆಸ್ತಿ. 2000ನೇ ಇಸವಿಯ ಮೇ ತನಕ ಅಮೆರಿಕ ಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕೆಂದೇ ಸುಮಾರು ನೂರು ಮೀಟರ್ ತಪ್ಪು ಇಟ್ಟಿತ್ತು. ನೂರು ಮೀಟರ್ ತಪ್ಪಿದರೆ ಬಲೆ ಬಂಡೆಯ ಮೇಲೇ ಬೀಳುತ್ತದೆ. ಕಾರ್ಗಿಲ್ ಯುದ್ಧ ನಡೆದ 1999ರಲ್ಲಿ ಪರಿಸ್ಥಿತಿ ಹೀಗಿತ್ತು ಎನ್ನುವುದನ್ನು ನೆನಪಿಡಿ. ಸ್ವಿಚ್ ಇನ್ನೊಬ್ಬರ ಮನೆಯಲ್ಲಿದ್ದರೆ ದೀಪ ನಮ್ಮದಲ್ಲ.

ಹಾಗೆ ಹುಟ್ಟಿದ್ದು ನಾವಿಕ್, ಜಿಪಿಎಸ್‌ನಂತೆ ಜಾಗ ಹೇಳುವ ನಮ್ಮದೇ ವ್ಯವಸ್ಥೆ. 2013ರಿಂದ 2016ರೊಳಗೆ ಏಳು ಉಪಗ್ರಹ ಹೋದವು. ಆದರೆ ಇಲ್ಲಿ ಬೆನ್ನು ತಟ್ಟಿಕೊಳ್ಳುವುದು ಕಷ್ಟ. ಜಾಗ ಹೇಳುವ ಉಪಗ್ರಹದ ಜೀವ ಅದರ ಪರಮಾಣು ಗಡಿಯಾರ. ಸಂಕೇತ ಬೆಳಕಿನ ವೇಗದಲ್ಲಿ ಓಡುವುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಮುನ್ನೂರು ಮೀಟರ್ ಎಡವಟ್ಟು. ಯುರೋಪಿನಿಂದ ತಂದ ಆ ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರಲ್ಲಿ ನಮ್ಮದೇ ಗಡಿಯಾರದ ಎನ್‌ವಿಎಸ್-01 ಹೋಯಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02, ಶ್ರೀಹರಿಕೋಟದ ನೂರನೇ ಉಡಾವಣೆ, ಒಂದು ವಾಲ್ವ್ ತೆರೆಯದೆ ಅರ್ಧ ದಾರಿಯಲ್ಲೇ ಉಳಿಯಿತು. ಏಳರ ಲೆಕ್ಕ ಇನ್ನೂ ಕೂಡಿಲ್ಲ. ಟಿವಿಯಲ್ಲಿ ಇದರ ಬಗ್ಗೆ ಎಷ್ಟು ಚರ್ಚೆ ನೋಡಿದ್ದೀರಿ? ನಾನಂತೂ ನೋಡಿಲ್ಲ.

ಬೈತಖೋಲದಿಂದ ಅಂಕೋಲೆ ಕಡೆ ಹೊರಟರೆ ಬಿಣಗಾ, ಅರಗಾ ದಾಟುವಾಗ ಒಂದು ಬದಿಗೆ ಮುಗಿಯದ ಗೋಡೆ. ಅದರಾಚೆ ನೌಕಾನೆಲೆ, 2005ರಲ್ಲಿ ಶುರುವಾದ ಐಎನ್‌ಎಸ್ ಕದಂಬ. ವಿಮಾನವಾಹಕ ಹಡಗು ವಿಕ್ರಮಾದಿತ್ಯ ತಂಗುವ ಜಾಗ. ಭೂಮಿ ದುಂಡಗಿರುವುದರಿಂದ ದಡದ ರೇಡಿಯೋ ಹಡಗಿಗೆ ಸ್ವಲ್ಪ ದೂರದವರೆಗೆ ಮಾತ್ರ ನೇರವಾಗಿ ತಲುಪುತ್ತದೆ. ಆಮೇಲೆ ಉಪಗ್ರಹವೇ ಗತಿ. 2013ರ ಆಗಸ್ಟ್‌ನಲ್ಲಿ ನೌಕಾಪಡೆಗೆಂದೇ ಜಿಸ್ಯಾಟ್-7 ಹೋಯಿತು, ಮುದ್ದಿನ ಹೆಸರು ರುಕ್ಮಿಣಿ. ಎರಡೂವರೆ ಟನ್ನಿಗೂ ಮಿಕ್ಕಿದ ತೂಕ. ನಮ್ಮ ರಾಕೆಟ್ಟಿಗೆ ಅಷ್ಟು ಶಕ್ತಿ ಇರಲಿಲ್ಲ. ಹಾಗಾಗಿ ದೇಶದ ಯುದ್ಧನೌಕೆಗಳ ಗುಟ್ಟಿನ ಮಾತು ಸಾಗಿಸುವ ಉಪಗ್ರಹ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ, ಯುರೋಪಿನ ರಾಕೆಟ್ ಏರಿ ಹೋಯಿತು. ದುಡ್ಡು ಕೊಟ್ಟಿದ್ದೇವೆ, ನಿಜ. ಹಂಗು ಹಂಗೇ ಅಲ್ವಾ?

2025ರ ನವೆಂಬರ್ 2ರ ಭಾನುವಾರ ಸಂಜೆ ನೌಕಾಪಡೆಯ ಹೊಸ ಉಪಗ್ರಹ ಸಿಎಂಎಸ್-03 ಶ್ರೀಹರಿಕೋಟದಿಂದ ನಮ್ಮದೇ ಎಲ್‌ವಿಎಂ-3 ರಾಕೆಟ್ಟಿನಲ್ಲಿ ಹೋಯಿತು. ತೂಕ 4,410 ಕಿಲೋ. ಅದೂ ರಾಕೆಟ್ಟಿನ ಕೊನೆಯ ಉಸಿರಿನಷ್ಟು ಶಕ್ತಿ ಹಿಂಡಿದ ಮೇಲೆ. ಅದಕ್ಕೆ ಒಂದು ವರ್ಷ ಮೊದಲು 4,700 ಕಿಲೋದ ಇನ್ನೊಂದು ಉಪಗ್ರಹವನ್ನು ಎಲಾನ್ ಮಸ್ಕ್ ಕಂಪನಿಯ ರಾಕೆಟ್ಟಿನಲ್ಲಿ ಕಳಿಸಿದ್ದೆವು. ಸ್ವಾವಲಂಬನೆ ಭಾಷಣದಲ್ಲಿ ಪೂರ್ತಿ ಇರುತ್ತದೆ, ತಕ್ಕಡಿಯಲ್ಲಿ ಮುನ್ನೂರು ಕಿಲೋ ಕಡಿಮೆ ಬೀಳುತ್ತದೆ.

ಈಗ ಶಿರೂರಿಗೆ ಬರೋಣ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಗಂಗಾವಳಿಗೆ ನೂಕಿತು. ಹಲವರು ಸತ್ತರು. ಒಂದು ಲಾರಿ ನದಿಯಿಂದ ಮೇಲೆ ಬರಲು ಎರಡು ತಿಂಗಳ ಮೇಲಾಯಿತು. ಇಸ್ರೋ ಫೋಟೋದಲ್ಲಿ ಲಾರಿ ಕಾಣಲ್ವಾ ಎಂದು ಆಗ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಉತ್ತರ ಇಷ್ಟೆ. ಸಾಮಾನ್ಯ ಉಪಗ್ರಹದ ಕ್ಯಾಮೆರಾ ನಮ್ಮ ಕಣ್ಣಿನ ಹಾಗೆ. ಜುಲೈ ತಿಂಗಳಲ್ಲಿ ನಮ್ಮ ಘಟ್ಟದ ಮೇಲೆ ಮೋಡ ಬಿಟ್ಟರೆ ಅದಕ್ಕೆ ಏನೂ ಕಾಣುವುದಿಲ್ಲ. ಮೋಡ ತೂರಿ ನೋಡಲು ರಾಡಾರ್ ಉಪಗ್ರಹ ಬೇಕು.

2025ರ ಜುಲೈ 30ರಂದು ಅಂಥದ್ದೊಂದು ಹೋಯಿತು, ನಿಸಾರ್. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು. ಒಟ್ಟು ಖರ್ಚು ಸುಮಾರು 150 ಕೋಟಿ ಡಾಲರ್, ಹೆಚ್ಚಿನ ಪಾಲು ಅಮೆರಿಕದ್ದು. ಅಮೆರಿಕದ ಎಲ್-ಬ್ಯಾಂಡ್ ರಾಡಾರ್ ಕಾಡಿನ ಎಲೆಗಳ ಮರೆಯನ್ನೂ ದಾಟಿ ನೆಲ ಮುಟ್ಟುತ್ತದೆ. ಇಸ್ರೋದ ಎಸ್-ಬ್ಯಾಂಡ್ ರಾಡಾರ್ ಜೊತೆಗಿದೆ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬಂದು, ನೆಲ ಬೆರಳಿನಗಲ ಜಾರಿದ್ದರೂ ಹಿಡಿಯುತ್ತದೆ. ಗುಡ್ಡ ಬೀಳುವ ದಿನವನ್ನು ಅದು ಹೇಳುವುದಿಲ್ಲ, ಯಾವ ಗುಡ್ಡ ಮೆಲ್ಲಗೆ ಅಲುಗುತ್ತಿದೆ ಎಂದು ಹೇಳಬಲ್ಲದು. ಆ ಲೆಕ್ಕ ಹಿಡಿದು ಹೆದ್ದಾರಿಯವರು ಗುಡ್ಡ ಕಡಿಯುವ ರೀತಿ ಬದಲಿಸುತ್ತಾರಾ ಎನ್ನುವುದು ಭೂಮಿಯ ಮೇಲಿನ ರಾಜಕೀಯ.

ಈ ನಿಸಾರ್ ಅನ್ನು ಮೇಲೆ ಒಯ್ದ ರಾಕೆಟ್ ಯಾವುದು ಗೊತ್ತಾ? ಜಿಎಸ್‌ಎಲ್‌ವಿ. 1992ರಲ್ಲಿ ಯಾವ ಎಂಜಿನ್ ನಮಗೆ ಸಿಗಬಾರದು ಎಂದು ಅಮೆರಿಕ ನಿರ್ಬಂಧ ಹಾಕಿತ್ತೋ, ಅದನ್ನು ನಾವೇ ಮಾಡಿಕೊಂಡು, ಅದರ ಮೇಲೆ ನಾಸಾದ ಅತಿ ದುಬಾರಿ ರಾಡಾರನ್ನು ಕೂರಿಸಿ ಕಳಿಸಿದೆವು. ಮನಸ್ಸು ಬದಲಾದದ್ದಕ್ಕೆ ಪ್ರೀತಿ ಕಾರಣ ಅಲ್ಲ. ಅಮೆರಿಕಕ್ಕೆ ಈಗ ಚೀನಾದ ಚಿಂತೆ. 2011ರಲ್ಲಿ ಇಸ್ರೋದ ಸಂಸ್ಥೆಗಳನ್ನು ತನ್ನ ನಿರ್ಬಂಧದ ಪಟ್ಟಿಯಿಂದ ತೆಗೆದ ಅದೇ ವರ್ಷ, ನಾಸಾ ಚೀನಾದ ಜೊತೆ ನೇರವಾಗಿ ಕೆಲಸ ಮಾಡದಂತೆ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಚೀನಾ ಆಮೇಲೆ ಮಾಡಿದ್ದೂ ನಾವು ಮಾಡಿದ್ದನ್ನೇ. 2022ರೊಳಗೆ ಸ್ವಂತ ಬಾಹ್ಯಾಕಾಶ ನಿಲ್ದಾಣ ಕಟ್ಟಿ ಮುಗಿಸಿತು.

ಚಂದ್ರನ ವಿಷಯಕ್ಕೆ ಬಂದರೆ ನನಗೆ ಶಿರಸಿ ಕಡೆಯ ಸೊಪ್ಪಿನ ಬೆಟ್ಟ ನೆನಪಾಗುತ್ತದೆ. ಅಡಿಕೆ ತೋಟದವರಿಗೆ ಬೆಟ್ಟದಿಂದ ಸೊಪ್ಪು, ದರಕು ತರುವ ಹಕ್ಕು ಇದೆ. ಬೆಟ್ಟ ಮಾತ್ರ ಅವರದ್ದಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಚಂದ್ರನ ಬಗ್ಗೆ ಹೇಳುವುದೂ ಅದರ ಅರ್ಧವನ್ನು. ಯಾವ ದೇಶವೂ ಚಂದ್ರ ನನ್ನದು ಅನ್ನುವಂತಿಲ್ಲ. ಸೊಪ್ಪು ಕೊಯ್ಯಬಹುದೋ ಇಲ್ಲವೋ, ಅಂದರೆ ಅಲ್ಲಿನ ನೀರು, ಖನಿಜ ತೆಗೆಯಬಹುದೋ ಇಲ್ಲವೋ, ಅದು ಸ್ಪಷ್ಟ ಇಲ್ಲ. ಅಮೆರಿಕದ ಆರ್ಟೆಮಿಸ್ ಒಪ್ಪಂದ ಕೊಯ್ಯಬಹುದು ಅನ್ನುತ್ತದೆ. ಕೆಲಸ ಮಾಡುವ ಜಾಗದ ಸುತ್ತ 'ಸುರಕ್ಷತಾ ವಲಯ' ಇರಲಿ ಎಂದೂ ಅನ್ನುತ್ತದೆ. ಬೆಟ್ಟಕ್ಕೆ ಬೇಲಿ ಹಾಕಿದವನೂ ದನ ಬರಬಾರದು ಅಂತಲೇ ಹೇಳುವುದು! ಚೀನಾ ಮತ್ತು ರಷ್ಯಾ ಚಂದ್ರನ ಮೇಲೆ ತಮ್ಮದೇ ನೆಲೆಯ ಯೋಜನೆ ಮಾಡಿವೆ. ಪಾಕಿಸ್ತಾನ 2023ರಲ್ಲಿ ಆ ಕಡೆ ಸೇರಿತು.

ಭಾರತ 2023ರ ಜೂನ್‌ನಲ್ಲಿ ಆರ್ಟೆಮಿಸ್‌ಗೆ ಸಹಿ ಹಾಕಿತು. ಎರಡು ತಿಂಗಳಿಗೆ, ಆಗಸ್ಟ್ 23ರಂದು, ಚಂದ್ರಯಾನ-3 ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಅದೇ ಕಡೆ ಹೋಗಿ ಅಪ್ಪಳಿಸಿತ್ತು. ಒಂದು ಕಾಲದಲ್ಲಿ ನಮ್ಮ ಉಪಗ್ರಹ ಹಾರಿಸಿಕೊಟ್ಟವರು ಅವರು. ಎಲ್ಲರೂ ಆ ಧ್ರುವಕ್ಕೇ ಓಡುವುದು ಅಲ್ಲಿನ ಬಿಸಿಲು ಬೀಳದ ಕುಳಿಗಳಲ್ಲಿ ಮಂಜುಗಡ್ಡೆ ಇದೆ ಎಂದು. ಬೇಲಿ ಹಾಕುವ ಹೊತ್ತಿಗೆ ಬೆಟ್ಟದ ಮೇಲೆ ಕಾಲಿಟ್ಟವರ ಮಾತಿಗೆ ತೂಕ ಜಾಸ್ತಿ. 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬ ಗುರಿಯ ಹಿಂದೆ ಈ ಲೆಕ್ಕವೂ ಇದೆ.

ಮತ ಲೆಕ್ಕವೂ ಇರುತ್ತದೆ ಅನ್ನಿ. 2019ರ ಮಾರ್ಚ್ 27ರಂದು ನಮ್ಮದೇ ಉಪಗ್ರಹವನ್ನು ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಹೊಡೆದೆವು. ಲೋಕಸಭೆ ಚುನಾವಣೆಗೆ ಎರಡು ವಾರ ಇತ್ತು, ಪ್ರಧಾನಿಯೇ ಟಿವಿಗೆ ಬಂದು ಹೇಳಿದರು. ನೀತಿ ಸಂಹಿತೆ ಮುರಿದಿಲ್ಲ ಎಂದು ಚುನಾವಣಾ ಆಯೋಗ ಹೇಳಿತು. ನಾಸಾ ಮುಖ್ಯಸ್ಥರು ಚೂರುಗಳ ಬಗ್ಗೆ ಕೆಂಡಾಮಂಡಲರಾದರು. ಎತ್ತರ ಕಡಿಮೆ ಇದ್ದದ್ದರಿಂದ ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಉರಿದು ಹೋದವು. 2007ರಲ್ಲಿ ಚೀನಾ 800 ಕಿಲೋಮೀಟರ್‌ಗೂ ಮೇಲೆ ಹೊಡೆದ ಉಪಗ್ರಹದ ಸಾವಿರಾರು ಚೂರುಗಳು ಇನ್ನೂ ಸುತ್ತುತ್ತಿವೆ.

ಬಡ ದೇಶಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರು ಇದ್ದಾರೆ. ಬಾಹ್ಯಾಕಾಶ ಇಲಾಖೆಗೆ 2025-26ರ ಬಜೆಟ್ಟಿನಲ್ಲಿ ಸುಮಾರು 13,400 ಕೋಟಿ ರೂಪಾಯಿ. ತಲೆಗೆ ನೂರು ರೂಪಾಯಿಯೂ ಬರುವುದಿಲ್ಲ. ಕಾರವಾರದಲ್ಲಿ ಆ ದುಡ್ಡಿಗೆ ಒಂದು ಒಳ್ಳೆಯ ಮೀನೂಟ ಸಿಗಲಿಕ್ಕಿಲ್ಲ. ನನ್ನ ತಕರಾರು ದುಡ್ಡಿನದ್ದಲ್ಲ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಕೊರೊನಾ ಕಾಲದಲ್ಲಿ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ಪಾಠ ಕೇಳಿದರು. ಅವರಿಗೆ ಆಕಾಶದಿಂದ ಇಂಟರ್ನೆಟ್ ಕೊಡುತ್ತೇವೆ ಎಂದು 2025ರಲ್ಲಿ ಪರವಾನಗಿ ಪಡೆದದ್ದು ಸ್ಟಾರ್‌ಲಿಂಕ್, ಮತ್ತೆ ಅಮೆರಿಕದ ಕಂಪನಿ. ಒಂದು ಹಂಗು ಕಳೆಯುವಷ್ಟರಲ್ಲಿ ಇನ್ನೊಂದು.

ಬೈತಖೋಲದಲ್ಲಿ ಅಂದು ಇನ್ನೊಂದು ಮಾತು ಬಂತು. ಡಬ್ಬಿ ತೋರಿಸಿದ ಮಾಲೀಕರೇ ಮೆಲ್ಲಗೆ ಕೇಳಿದರು. "ಇದು ನನಗೆ ದಾರಿ ಹೇಳ್ತದೆ, ಸರಿ. ನಾನು ಎಲ್ಲಿ ಬಲೆ ಬೀಸಿದೆ ಅಂತ ದಡದವರಿಗೂ ಹೇಳ್ತದಲ್ಲ. ನನ್ನ ಪಾಯಿಂಟು ಇನ್ನೊಬ್ಬರಿಗೆ ಯಾಕೆ ಗೊತ್ತಾಗ್ಬೇಕು?" ಪಕ್ಕದ ಬೋಟಿನವರು ನಕ್ಕರು. ಗೋವಾದ ಬೋಟುಗಳಿಗೂ ಇದು ಹಾಕಿದ್ದಾರಾ ಎಂದು ಒಬ್ಬರು ಕೇಳಿದರು. ಹಾಕಿರಬೇಕು ಅಂದೆ. ಹಾಗಾದರೆ ಅವರದ್ದು ನಮಗೆ ಕಾಣ್ತದಾ ಎಂದು ಮರುಪ್ರಶ್ನೆ. ಅಷ್ಟರಲ್ಲಿ ಐಸಿನ ಲಾರಿ ಬಂತು, ಎಲ್ಲರೂ ಆ ಕಡೆ ಓಡಿದರು.